ಪಾಸ್ತಾದ ಜಾಗಕ್ಕೆ ಜುಕಿನಿ ಎಳೆ

ಜುಕಿನಿ ಕುಂಬಳದ ಬಳಗಕ್ಕೆ ಸೇರಿದ ತರಕಾರಿ. ಈ ಬಳಗದ ಮೂಲ ಅಮೆರಿಕ ಖಂಡವಾದರೂ, ಈಗ ಮಾರುಕಟ್ಟೆಗೆ ಬರುವ ನೀಳವಾದ ಹಸಿರು ಕಾಯಿ ರೂಪುಗೊಂಡದ್ದು ಉತ್ತರ ಇಟಲಿಯಲ್ಲಿ. ಇದನ್ನು ನೂಲಿನಂತೆ ಉದ್ದಕ್ಕೆ ಹೆರೆದು ಸ್ಪಗೆಟ್ಟಿಯ ಬದಲಿಗೆ ಬಳಸುತ್ತಾರೆ. ಬೇಯಿಸಿದ 100 ಗ್ರಾಂ ಗೋಧಿ ಪಾಸ್ತಾದಲ್ಲಿ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ಅಷ್ಟೇ ತೂಕದ ಜುಕಿನಿಯಲ್ಲಿ ಇರುವುದು 3 ಗ್ರಾಂ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ನೀರೇ, ಶೇ. 95ರಷ್ಟು.

ಅಡುಗೆಯ ಕಷ್ಟವೆಲ್ಲ ಈ ನೀರಿನಲ್ಲೇ ಇದೆ. ಪಾಸ್ತಾ ಬೇಯುವಾಗ ನೀರು ಹೀರುತ್ತದೆ, ಜುಕಿನಿ ನೀರು ಬಿಡುತ್ತದೆ. ಆದ್ದರಿಂದ ಪಾಸ್ತಾದಂತೆ ಕುದಿಸಿದರೆ ಎಳೆಗಳು ಮೆತ್ತಗಾಗಿ, ತಟ್ಟೆಯ ತಳದಲ್ಲಿ ಸಾಸ್ ನೀರಾಗಿ ನಿಲ್ಲುತ್ತದೆ.

ಎಳೆಯ, ಗಟ್ಟಿಯಾದ, ಮಧ್ಯಮ ಗಾತ್ರದ ಕಾಯಿ ಒಳ್ಳೆಯದು. ಕತ್ತರಿಸಿದ ಕೂಡಲೇ ಚೂರು ರುಚಿ ನೋಡಬೇಕು. ಕಹಿಯಿದ್ದರೆ ಎಸೆಯಲೇಬೇಕು: ಕಹಿ ಸೋರೆಕಾಯಿಯಲ್ಲಿರುವ ಕುಕುರ್ಬಿಟಾಸಿನ್ ವಿಷವೇ ಇದರಲ್ಲೂ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸಿಪ್ಪೆ ತೆಗೆಯದೆ, ತರಕಾರಿಯಿಂದ ಎಳೆ ತೆಗೆಯುವ ಸಾಧನವಾದ ಸ್ಪೈರಲೈಸರ್‌ನಿಂದ ಹೆರೆಯಬಹುದು. ಅದಿಲ್ಲದಿದ್ದರೆ ಪೀಲರ್‌ನಿಂದ ಉದ್ದ ಪಟ್ಟಿ ತೆಗೆದು ಚಾಕುವಿನಿಂದ ಸೀಳಿದರಾಯಿತು. ನಡುವಿನ ಬೀಜದ ತಿರುಳಿನಲ್ಲಿ ನೀರು ಹೆಚ್ಚು, ಅದನ್ನು ಪಲ್ಯಕ್ಕೋ ಸೂಪಿಗೋ ಇಟ್ಟುಕೊಳ್ಳಬಹುದು.

ಎರಡು ಕಾಯಿಯ ಎಳೆಗಳಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ಜರಡಿಯಲ್ಲಿ 20 ನಿಮಿಷ ಬಿಡಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಬಳಿಕ ಒಣ ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಒತ್ತಬೇಕು. ಅಗಲ ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಘಮ ಬಂದೊಡನೆ ಎಳೆಗಳನ್ನು ಸೇರಿಸಿ ದೊಡ್ಡ ಉರಿಯಲ್ಲಿ ಎರಡೇ ನಿಮಿಷ ಬಾಡಿಸಬೇಕು. ಮುಚ್ಚಳ ಮುಚ್ಚಬಾರದು. ಟೊಮೆಟೊ ಸಾಸ್ ಅನ್ನು ಬೇರೆಯೇ ಕುದಿಸಿ, ಎಂದಿಗಿಂತ ಗಟ್ಟಿ ಮಾಡಿ, ಉಪ್ಪು ಕಡಿಮೆ ಹಾಕಿ, ಬಡಿಸುವ ಹೊತ್ತಿಗೆ ಬೆರೆಸಬೇಕು.

ಜುಕಿನಿಯಲ್ಲಿ ಪ್ರೋಟೀನ್ 100 ಗ್ರಾಂಗೆ 1 ಗ್ರಾಂ ಚಿಲ್ಲರೆ ಅಷ್ಟೇ. ಬರೀ ಎಳೆ ತಿಂದರೆ ಬೇಗ ಹಸಿವಾಗುತ್ತದೆ. ಪನೀರ್, ಮೊಟ್ಟೆ ಅಥವಾ ಕೋಳಿಮಾಂಸ ಜೊತೆಗಿದ್ದರೆ ಅದು ಊಟವೆನಿಸುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟನ್ನು ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ವೈದ್ಯರನ್ನು ಕೇಳಿಯೇ ಬದಲಾಯಿಸಬೇಕು. ಪಾಸ್ತಾ ಪೂರ್ತಿ ಬಿಡಲಾಗದವರು ಅರ್ಧ ಪಾಸ್ತಾ, ಅರ್ಧ ಜುಕಿನಿ ಬೆರೆಸುವುದೂ ಜಾಣತನವೇ. ಹಸಿ ಎಳೆಗಳು ಫ್ರಿಜ್‌ನಲ್ಲಿ ಎರಡು ದಿನ ಉಳಿಯುತ್ತವೆ. ಬಾಡಿಸಿದವನ್ನು ಆಗಲೇ ತಿನ್ನಬೇಕು.