ಬಸಿರಿಗೆ ಮುನ್ನವೇ ಬೇಕಾದ ಆರೈಕೆ: ಆಹಾರ ಮತ್ತು ದೇಹತೂಕ

ಒಂದು ವರ್ಷದ ಕಾಫಿ ಫಸಲು ಆ ವರ್ಷದಲ್ಲಷ್ಟೇ ನಿರ್ಧಾರವಾಗುವುದಿಲ್ಲವೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಹೂಮಳೆ ಬಿದ್ದು ಗಿಡ ಬೆಳ್ಳಗಾಗುವುದಕ್ಕೆ ಎಷ್ಟೋ ಮೊದಲೇ, ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ, ರೆಂಬೆಗಳಲ್ಲಿ ಮೊಗ್ಗು ಕಟ್ಟಲು ತೊಡಗಿರುತ್ತದೆ. ಹೊರಲಾರದಷ್ಟು ಕಾಯಿ ಹೊತ್ತು ಸೋತ ಗಿಡಕ್ಕೆ ಮರುವರ್ಷ ಎಷ್ಟು ಒಳ್ಳೆಯ ಮಳೆ ಬಂದರೂ ಹೂ ಕಡಿಮೆ. ಅಡಿಕೆಯಲ್ಲಿಯೂ ಹಿಂಗಾರ ಒಡೆಯುವುದಕ್ಕೆ ಬಹಳ ಮುಂಚೆಯೇ ಅದರ ಎಳೆಯ ರೂಪ ಹಾಳೆಯೊಳಗೆ ಅಡಗಿರುತ್ತದೆ.

ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ನಮಗೆ ಮರೆತುಹೋಗುತ್ತದೆ. ಮನೆಯ ಸೊಸೆ ಬಸಿರಾದಳೆಂದು ಗೊತ್ತಾದ ದಿನದಿಂದ ಹಾಲು, ತುಪ್ಪ, ಹಣ್ಣು ಎಲ್ಲವೂ ಬರುತ್ತದೆ. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಆಕೆ ಏನು ಉಂಡಳು, ಎಷ್ಟು ತೂಗುತ್ತಾಳೆ ಎಂದು ಕೇಳುವವರಿಲ್ಲ. ಮದುವೆಯಾಗಿ ಎರಡು ವರ್ಷ ಕಳೆದೂ ತೊಟ್ಟಿಲು ಕಟ್ಟದಿದ್ದರೆ ಹರಕೆ, ಜಾತಕ, ನೆರೆಯವರ ಮಾತು ಇವೆಲ್ಲ ಆರಂಭವಾಗುತ್ತವೆ. ಹರಕೆ ಹೊರುವುದು ಅವರವರ ನಂಬಿಕೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಗರ್ಭ ನಿಲ್ಲುವುದಕ್ಕೂ ಗಂಡಹೆಂಡತಿಯರ ಆಹಾರಕ್ಕೂ ದೇಹದ ತೂಕಕ್ಕೂ ನೇರವಾದ ಸಂಬಂಧವಿದೆ, ಮತ್ತು ಅದನ್ನು ಸರಿಪಡಿಸುವ ಕೆಲಸ ಬಸಿರಿಗೆ ಕನಿಷ್ಠ ಮೂರು ತಿಂಗಳು ಮೊದಲೇ ಆರಂಭವಾಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಬಯಸುತ್ತೇವೆ.

ದೇಹ ನೋಡುವ ದಾಸ್ತಾನು

ಒಂದು ಗರ್ಭವನ್ನು ಒಂಬತ್ತು ತಿಂಗಳು ಹೊತ್ತು ಬೆಳೆಸಲು ತಾಯಿಯ ದೇಹಕ್ಕೆ ದಿನನಿತ್ಯದ ಅಗತ್ಯಕ್ಕಿಂತ ಹೆಚ್ಚಾಗಿ ಒಟ್ಟು 75ರಿಂದ 80 ಸಾವಿರ ಕಿಲೋಕ್ಯಾಲೊರಿಗಳಷ್ಟು ಶಕ್ತಿ ಬೇಕಾಗುತ್ತದೆಂದು ಅಂದಾಜು. ಮುಂದೆ ಮೊಲೆಯೂಡಿಸುವ ಖರ್ಚು ಬೇರೆ. ಇಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮುನ್ನ ದೇಹ ತನ್ನ ಉಗ್ರಾಣದ ದಾಸ್ತಾನನ್ನು ಪರಿಶೀಲಿಸುತ್ತದೆ. ಈ ದಾಸ್ತಾನೇ ಮೈಯ ಕೊಬ್ಬು.

ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅದು ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸಂಕೇತ ಕಳುಹಿಸುತ್ತದೆ. ಪಿಟ್ಯುಟರಿ ಅಂಡಾಶಯಕ್ಕೆ ಹಾರ್ಮೋನುಗಳ ಮೂಲಕ ಆಜ್ಞೆ ಕೊಡುತ್ತದೆ. ಆಗ ತಿಂಗಳಿಗೊಮ್ಮೆ ಅಂಡಾಣು ಪಕ್ವವಾಗಿ ಹೊರಬರುತ್ತದೆ. ದಾಸ್ತಾನು ಸಾಲದೆಂದು ಕಂಡರೆ ಮೊದಲ ಸಂಕೇತವೇ ಕ್ಷೀಣಿಸುತ್ತದೆ. ಮುಟ್ಟು ಏರುಪೇರಾಗುತ್ತದೆ, ಕೆಲವರಲ್ಲಿ ನಿಂತೇಹೋಗುತ್ತದೆ. ಮುಟ್ಟು ಬರುತ್ತಿದ್ದರೂ ಅಂಡಾಣು ಬಿಡುಗಡೆಯಾಗದಿರುವುದೂ ಉಂಟು.

ಋತುಚಕ್ರ ನಡೆಯಲು ಎತ್ತರಕ್ಕೆ ತಕ್ಕ ಕನಿಷ್ಠ ಕೊಬ್ಬು ಬೇಕೆಂಬ ವಾದವನ್ನು ಅಮೆರಿಕದ ರೋಸ್ ಫ್ರಿಶ್ ಮತ್ತು ಜಾನೆಟ್ ಮೆಕಾರ್ಥರ್ ಎಂಬ ಇಬ್ಬರು ವಿಜ್ಞಾನಿಗಳು 1974ರಲ್ಲಿ ಮುಂದಿಟ್ಟರು. ಕೊಬ್ಬಿನ ಸುದ್ದಿ ಮಿದುಳಿಗೆ ಮುಟ್ಟುವುದು ಹೇಗೆಂಬುದು ಆಗ ತಿಳಿದಿರಲಿಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಇದನ್ನು ತಯಾರಿಸುವುದು ಕೊಬ್ಬಿನ ಕಣಗಳೇ. ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ವರದಿ ಒಪ್ಪಿಸುವ ಉಗ್ರಾಣಿ ಇದೆಂದು ತಿಳಿಯಬಹುದು.

ಇದಕ್ಕೆ ಇತಿಹಾಸದಲ್ಲಿ ಒಂದು ದಾರುಣ ಸಾಕ್ಷಿ ಸಿಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಜರ್ಮನ್ ಸೈನ್ಯದ ದಿಗ್ಬಂಧನದಿಂದಾಗಿ ಹಾಲೆಂಡಿನ ಪಶ್ಚಿಮ ಭಾಗದ ಪಟ್ಟಣಗಳಲ್ಲಿ ಕ್ಷಾಮ ತಲೆದೋರಿತು. ಪಡಿತರ ದಿನಕ್ಕೆ 1000 ಕಿಲೋಕ್ಯಾಲೊರಿಗಿಂತ ಕೆಳಗಿಳಿಯಿತು. ಅನೇಕ ಹೆಂಗಸರ ಮುಟ್ಟು ನಿಂತಿತು. ಒಂಬತ್ತು ತಿಂಗಳ ನಂತರ ಆ ಪಟ್ಟಣಗಳಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಮೇ 1945ರಲ್ಲಿ ಬಿಡುಗಡೆಯಾಗಿ ಆಹಾರ ಬಂದ ಮೇಲೆ ಗರ್ಭಧಾರಣೆ ಬೇಗನೆ ಮೊದಲಿನ ಮಟ್ಟಕ್ಕೆ ಮರಳಿತು. ಅನ್ನವಿಲ್ಲದೆ ಮುಚ್ಚಿದ ಬಾಗಿಲು ಅನ್ನ ಬಂದಾಗ ತೆರೆಯಿತು ಎಂಬುದೇ ಇಲ್ಲಿ ಗಮನಿಸತಕ್ಕ ಅಂಶ.

ನಮ್ಮಲ್ಲಿ ಅಂಥ ಕ್ಷಾಮವಿಲ್ಲ, ನಿಜ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ನಸುಕಿಗೆ ಎದ್ದು ಒಂದು ಲೋಟ ಕಾಫಿ ಕುಡಿದು ತೋಟಕ್ಕಿಳಿಯುವ, ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು, ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿಲ್ಲ? ದುಡಿಮೆಯ ಖರ್ಚು ಹೆಚ್ಚು, ಊಟದ ಜಮೆ ಕಡಿಮೆ. ಈ ಲೆಕ್ಕ ತಿಂಗಳುಗಟ್ಟಲೆ ನಡೆದರೆ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ.

ತೂಕ ಹೆಚ್ಚಾದರೂ ತೊಂದರೆಯೇ

ಹಾಗಾದರೆ ಮೈತುಂಬಿಕೊಂಡಷ್ಟೂ ಒಳ್ಳೆಯದೆಂದು ಭಾವಿಸಬಾರದು. ಸಾರಜನಕ ವಿಪರೀತವಾದ ಗಿಡದಲ್ಲಿ ಎಲೆ ಸೊಂಪಾಗಿರುತ್ತದೆಯೇ ಹೊರತು ಫಸಲು ಅದಕ್ಕೆ ತಕ್ಕಂತೆ ಇರುವುದಿಲ್ಲ. ಕೊಬ್ಬು ಅತಿಯಾದಾಗ, ವಿಶೇಷವಾಗಿ ಹೊಟ್ಟೆಯ ಸುತ್ತ ಶೇಖರವಾದಾಗ, ಇನ್ಸುಲಿನ್ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನುಗಳ ಪ್ರಮಾಣವನ್ನು ಹೆಚ್ಚಿಸುತ್ತದೆ. ಅಂಡಾಣುಗಳು ಅರ್ಧ ಬೆಳೆದು ಅಲ್ಲಿಯೇ ನಿಲ್ಲುತ್ತವೆ. ಇತ್ತೀಚೆಗೆ ಮನೆಮನೆಯಲ್ಲಿ ಕೇಳಿಬರುವ ಪಿಸಿಓಎಸ್ ಎಂಬ ತೊಂದರೆಯ ಒಳಗುಟ್ಟು ಬಹುಮಟ್ಟಿಗೆ ಇದೇ. ತೆಳ್ಳಗಿರುವವರಲ್ಲೂ ಇದು ಕಾಣಿಸಿಕೊಳ್ಳುವುದುಂಟು. ಆದರೆ ತೂಕ ಏರಿದಷ್ಟೂ ಉಲ್ಬಣಿಸುತ್ತದೆ.

ಸಮಾಧಾನದ ಸಂಗತಿಯೆಂದರೆ, ತೂಕ ಹೆಚ್ಚಾಗಿರುವವರು ಇದಕ್ಕಾಗಿ ಕಡ್ಡಿಯಂತಾಗಬೇಕಿಲ್ಲ. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10 ಪಾಲು ಇಳಿದರೂ ಅನೇಕರಲ್ಲಿ ಅಂಡಾಣು ಬಿಡುಗಡೆ ಮತ್ತೆ ಆರಂಭವಾಗುತ್ತದೆ. 66 ಕಿಲೋ ಇರುವವರು ಮೂರರಿಂದ ಆರೂವರೆ ಕಿಲೋ ಇಳಿಸಿದರೆ ಆಯಿತು. ಆದರೆ ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಹೊರಟರೆ ಮೇಲೆ ಹೇಳಿದ ಬರಗಾಲದ ಸಂಕೇತವೇ ಮಿದುಳಿಗೆ ಹೋಗುತ್ತದೆ. ನಿಧಾನವೇ ಇಲ್ಲಿ ಕ್ಷೇಮ.

ಮನೆಯಲ್ಲೇ ಮಾಡಬಹುದಾದ ಲೆಕ್ಕ

ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. ಬರುವ ಅಂಕಿ 18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು. ಭಾರತೀಯರಲ್ಲಿ ಹೊಟ್ಟೆಯ ಕೊಬ್ಬು ಬೇಗ ಸೇರುವುದರಿಂದ ನಮ್ಮವರಿಗೆ 23ನ್ನೇ ಮೇಲಿನ ಮಿತಿಯೆಂದು ವೈದ್ಯರು ಇಟ್ಟುಕೊಂಡಿದ್ದಾರೆ. 25 ದಾಟಿದರೆ ಬೊಜ್ಜು. ಐದು ಅಡಿ, ಅಂದರೆ 1.52 ಮೀಟರ್ ಎತ್ತರದ ಹೆಂಗಸಿಗೆ ಸುಮಾರು 43ರಿಂದ 53 ಕಿಲೋ ಯೋಗ್ಯ ತೂಕವೆಂದಾಯಿತು. ಅಡಿಕೆ ತೂಗುವ ಕಾಟಾ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಮಂಡಿಯಲ್ಲಿ ಕಾಲು ಕಿಲೋ ವ್ಯತ್ಯಾಸವಾದರೆ ತಕರಾರು ತೆಗೆಯುವ ನಾವು ವರ್ಷಕ್ಕೊಮ್ಮೆಯಾದರೂ ಮನೆಯವರ ತೂಕ ನೋಡಿದ್ದೇವೆಯೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 19 ಮಂದಿ ತೂಕ ಸಾಲದವರು, 24 ಮಂದಿ ತೂಕ ಮೀರಿದವರು. ರಕ್ತಹೀನತೆ ಇರುವವರಾದರೋ 57 ಮಂದಿ. ಅಂದರೆ ನೋಡಲು ದುಂಡಗಿರುವ ಎಷ್ಟೋ ಜನರ ಮೈಯಲ್ಲಿಯೂ ರಕ್ತವಿಲ್ಲ. ಹೊಟ್ಟೆ ತುಂಬುವುದೇ ಬೇರೆ, ದೇಹಕ್ಕೆ ಪುಷ್ಟಿ ಸಿಗುವುದೇ ಬೇರೆ.

ರಕ್ತ, ಸೊಪ್ಪು, ಉಪ್ಪು

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಡ ಗರ್ಭಿಣಿಯರನ್ನು, ಬಟ್ಟೆ ಗಿರಣಿಯ ಕಾರ್ಮಿಕರನ್ನೂ ಸೇರಿಸಿ, ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರ ಕೊಟ್ಟಾಗ ಅದು ವಾಸಿಯಾಯಿತೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಫೋಲಿಕ್ ಆಮ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರಿಟ್ಟರು.

ಬಸಿರಿಗೆ ಮೊದಲೇ ಇದು ಬೇಕೆನ್ನಲು ಬಲವಾದ ಕಾರಣವಿದೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ಕೊಳವೆ, ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಆ ವೇಳೆಗೆ ಎಷ್ಟೋ ಮಂದಿಗೆ ತಾವು ಬಸುರಿಯೆಂದೇ ಗೊತ್ತಿರುವುದಿಲ್ಲ. ಹಿಂದೆ ಇಂಥ ದೋಷದ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಬಸಿರಿಗೆ ಮುಂಚಿತವಾಗಿಯೇ ಫೋಲಿಕ್ ಆಮ್ಲ ಕೊಟ್ಟಾಗ ದೋಷ ಮರುಕಳಿಸುವುದು ನೂರಕ್ಕೆ 72 ಪಾಲು ತಗ್ಗಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ 1991ರಲ್ಲಿ ತೋರಿಸಿತು. ಮಗು ಬೇಕೆನ್ನುವ ಎಲ್ಲ ಹೆಂಗಸರೂ ದಿನಕ್ಕೆ 400 ಮೈಕ್ರೊಗ್ರಾಂ ಸೇವಿಸಬೇಕೆಂಬುದು ಇಂದಿನ ಸಲಹೆ. ಯಾರಿಗೆ ಎಷ್ಟು ಬಲದ ಮಾತ್ರೆ ಎಂಬುದನ್ನು ವೈದ್ಯರೇ ಹೇಳಬೇಕು.

ಕಬ್ಬಿಣಾಂಶಕ್ಕೆ ನುಗ್ಗೆಸೊಪ್ಪು, ಹರಿವೆ, ಬಸಳೆ, ಹುರುಳಿ, ಎಳ್ಳು, ರಾಗಿ. ತಿನ್ನುವವರಿಗೆ ಮೊಟ್ಟೆ, ಮಾಂಸ, ಬಂಗುಡೆ, ಬೂತಾಯಿ. ಜೊತೆಗೆ ನಿಂಬೆ, ನೆಲ್ಲಿಕಾಯಿ, ಪೇರಳೆ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಅಥವಾ ಊಟವಾದ ತಕ್ಷಣ ಕಾಫಿ, ಚಹ ಕುಡಿದರೆ ಅದಕ್ಕೆ ಅಡ್ಡಿ. ಕಾಫಿ ಬೆಳೆಗಾರರ ಪತ್ರಿಕೆಯಾಗಿ ನಾವು ಕಾಫಿ ಬಿಡಿ ಎನ್ನಲಾರೆವು. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿರಲಿ, ಮಗು ಬಯಸುವ ಹೆಂಗಸರಿಗೆ ದಿನಕ್ಕೆ ಸಾಧಾರಣ ಗಾತ್ರದ ಎರಡು ಲೋಟ ಸಾಕು ಎನ್ನುತ್ತೇವೆ.

ಇನ್ನೊಂದು ಅಂಶ ಅಯೋಡಿನ್. ಬಿರುಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುವುದರಿಂದ ಘಟ್ಟದ ಸೀಮೆಯಲ್ಲಿ ಗಳಗಂಡ ಹಿಂದಿನಿಂದಲೂ ಇದೆ. ಅಯೋಡಿನ್ ಸಾಲದೆ ಥೈರಾಯ್ಡ್ ಗ್ರಂಥಿ ಸೊರಗಿದರೆ ಮುಟ್ಟೂ ಕೆಡುತ್ತದೆ, ಗರ್ಭವೂ ನಿಲ್ಲದು. ಅಡಿಗೆಗೆ ಅಯೋಡಿನ್ ಸೇರಿಸದ ಕಲ್ಲುಪ್ಪನ್ನೇ ಬಳಸುವ ಮನೆಗಳು ಈ ಬಗ್ಗೆ ಯೋಚಿಸಬೇಕು.

ಗಂಡಸರ ಪಾಲು

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ವರ್ಷಗಟ್ಟಲೆ ಆಸ್ಪತ್ರೆ ಅಲೆಯುವವಳು ಹೆಂಡತಿ. ವೀರ್ಯಾಣು ಹುಟ್ಟಿ ಪಕ್ವವಾಗಲು ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಮಗು ಬೇಕೆನ್ನುವುದಕ್ಕೆ ಮೂರು ತಿಂಗಳ ಹಿಂದಿನ ಊಟ, ಕುಡಿತ, ಹೊಗೆಸೊಪ್ಪು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೊಜ್ಜಿನಿಂದ ಗಂಡು ಹಾರ್ಮೋನು ಕುಗ್ಗುತ್ತದೆ. ಬೀಡಿ ಸಿಗರೇಟು ವೀರ್ಯಾಣುವಿನ ಸಂಖ್ಯೆ, ಚಲನೆ ಎರಡನ್ನೂ ತಗ್ಗಿಸುತ್ತವೆ. ವೀರ್ಯ ಪರೀಕ್ಷೆ ಸುಲಭವಾದದ್ದು, ಹೆಚ್ಚು ಖರ್ಚಿಲ್ಲದ್ದು. ಹೆಂಡತಿಯನ್ನು ದೊಡ್ಡ ಪರೀಕ್ಷೆಗಳಿಗೆ ಒಡ್ಡುವ ಮೊದಲೇ ಅದು ಆಗಬೇಕು.

ಅಡಿಕೆ ಬೆಳೆಯುವ ನಮಗೆ ಇಲ್ಲಿ ಒಂದು ಕಹಿಮಾತು ಹೇಳದೆ ವಿಧಿಯಿಲ್ಲ. ಗರ್ಭಿಣಿಯರು ಅಡಿಕೆ ಜಗಿದರೆ ಮಗುವಿನ ಹುಟ್ಟುತೂಕ ಕುಂದುವುದು ತೈವಾನ್ ಮತ್ತು ಪಪುವಾ ನ್ಯೂಗಿನಿಯ ಅಧ್ಯಯನಗಳಲ್ಲಿ ಕಂಡುಬಂದಿದೆ. ಹೊಗೆಸೊಪ್ಪು ಸೇರಿದ ಕವಳವಂತೂ ಸಲ್ಲದೇ ಸಲ್ಲದು. ಮಗುವನ್ನು ಬಯಸುವವರು ಮೊದಲೇ ಬಿಟ್ಟರೆ ಒಳಿತು. ನಮ್ಮ ಬೆಳೆಯೆಂಬ ಕಾರಣಕ್ಕೆ ಇದನ್ನು ಮುಚ್ಚಿಡುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೇ ದ್ರೋಹವಾದೀತು.

ಮಾಡಬೇಕಾದದ್ದು

1. ಮಗು ಬೇಕೆಂದು ನಿಶ್ಚಯಿಸಿದ ದಂಪತಿಗಳು ಮೂರು ತಿಂಗಳು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಹೋಗಿ ತೂಕ, ರಕ್ತ, ಸಕ್ಕರೆ, ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಬೇಕು.

2. ಫೋಲಿಕ್ ಆಮ್ಲದ ಮಾತ್ರೆಯನ್ನು ಬಸಿರಿಗೆ ಮುನ್ನವೇ ಆರಂಭಿಸಬೇಕು. ರಕ್ತಹೀನತೆಯಿದ್ದರೆ ವೈದ್ಯರ ಸಲಹೆಯಂತೆ ಕಬ್ಬಿಣದ ಮಾತ್ರೆ.

3. ತೂಕ ಸಾಲದವರು ಬೆಳಗಿನ ತಿಂಡಿ ತಪ್ಪಿಸದೆ, ಬೇಳೆಕಾಳು, ಹಾಲು ಮೊಸರು, ಶೇಂಗಾ, ತೆಂಗಿನಕಾಯಿ ಹೆಚ್ಚಿಸಬೇಕು. ಕೊಯ್ಲಿನ ದಿನಗಳಲ್ಲಿ ತೋಟಕ್ಕೇ ಬುತ್ತಿ ಒಯ್ಯಬೇಕು.

4. ತೂಕ ಮೀರಿದವರು ಸಕ್ಕರೆ, ಬೇಕರಿ ತಿಂಡಿ, ಕರಿದದ್ದನ್ನು ಇಳಿಸಿ, ಅನ್ನದ ಪಾಲು ತಗ್ಗಿಸಿ ಪಲ್ಯ, ಕಾಳು ಹೆಚ್ಚಿಸಬೇಕು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು.

5. ಒಂದು ವರ್ಷ ಕಳೆದೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ತಜ್ಞರನ್ನು ಕಾಣಬೇಕು. ಮುಟ್ಟು ನಿಂತಿದ್ದರೆ ಅಷ್ಟು ದಿನವೂ ಕಾಯಬಾರದು.

ಆಹಾರ ಮತ್ತು ತೂಕ ಸರಿಯಾದ ಮಾತ್ರಕ್ಕೆ ಎಲ್ಲರಿಗೂ ಮಕ್ಕಳಾಗಿಬಿಡುತ್ತವೆಂದು ನಾವು ಹೇಳುತ್ತಿಲ್ಲ. ಗರ್ಭನಾಳ ಮುಚ್ಚಿರುವುದು, ಸೋಂಕು, ವಯಸ್ಸು ಮುಂತಾಗಿ ಬೇರೆ ಕಾರಣಗಳೂ ಇವೆ. ಅವಕ್ಕೆ ಬೇರೆಯೇ ಚಿಕಿತ್ಸೆ. ಆದರೆ ನಮ್ಮ ಕೈಯಲ್ಲಿರುವ ಕಾರಣಗಳನ್ನು ಮೊದಲು ಸರಿಪಡಿಸಿಕೊಳ್ಳುವುದು ಬುದ್ಧಿವಂತಿಕೆ. ಅತ್ತೆ ಮಾವಂದಿರಲ್ಲಿ ನಮ್ಮದೊಂದು ವಿನಂತಿ. ಸೊಸೆಯನ್ನು ಬಂಜೆಯೆನ್ನುವ ಮಾತು ನಿಮ್ಮ ಬಾಯಲ್ಲಿ ಬರದಿರಲಿ. ಇಂದಿನ ರಾತ್ರಿಯ ಊಟಕ್ಕೆ ಆಕೆಯೂ ನಿಮ್ಮ ಪಂಕ್ತಿಯಲ್ಲಿಯೇ ಕುಳಿತುಕೊಳ್ಳಲಿ.