ಮಿಕ್ಕುಳಿದ ಭ್ರೂಣಗಳು

ಕನ್ನಡ ಪಾಠ ಹೇಳಿ ನಿವೃತ್ತನಾದವನ ಬಳಿಗೆ ಜನ ಬರುವುದು ಸಾಮಾನ್ಯವಾಗಿ ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದಿಸುವುದಕ್ಕೆ, ಇಲ್ಲವೆ ಮೊಮ್ಮಗುವಿಗೆ ಹೆಸರು ಹುಡುಕಿಸುವುದಕ್ಕೆ. ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ಮನೆಗೆ ಬಂದಳು. ಕಾಫಿ ಕುಡಿದಾದ ಮೇಲೆ ಕೈಚೀಲದಿಂದ ಎರಡು ಪುಟದ ಪತ್ರವೊಂದನ್ನು ತೆಗೆದು ನನ್ನ ಮುಂದಿಟ್ಟು, "ಮೇಷ್ಟ್ರೇ, ಇದರಲ್ಲಿ ಒಂದು ಮಾತು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ, ನೀವೇ ನೋಡಿ" ಎಂದಳು. ಸಂತಾನಚಿಕಿತ್ಸೆಯ ಆಸ್ಪತ್ರೆಯೊಂದರಿಂದ ಬಂದ ಪತ್ರ ಅದು. ಇಂಗ್ಲಿಷಿನ ಕೆಳಗೆ ಕನ್ನಡವೂ ಇತ್ತು. 'ಬಳಕೆಯಾಗದ ಭ್ರೂಣಗಳ ವಿಲೇವಾರಿ' ಎಂಬುದು ಶಿರೋನಾಮೆ.

ವಿಲೇವಾರಿ ಕಚೇರಿಯ ಮಾತು. ಅರ್ಜಿಯ ವಿಲೇವಾರಿ, ಕಡತದ ವಿಲೇವಾರಿ, ನಗರಸಭೆಯ ಬಾಯಲ್ಲಿ ಕಸದ ವಿಲೇವಾರಿ. ಅನುವಾದಕನದು ತಪ್ಪೆಂದು ಹೇಳಲಾರೆ. ಇಂಗ್ಲಿಷಿನಲ್ಲಿಯೂ ಅಂಥದೇ ಮಾತಿತ್ತು. ಆದರೆ ಆ ಮಾತಿನ ಎದುರು ಕುಳಿತ ತಾಯಿಯ ಮುಖವನ್ನು ನೋಡಿದವನಿಗೆ, ಇದು ಬರಿಯ ಪದದ ತೊಡಕಲ್ಲವೆಂದು ತಿಳಿಯುತ್ತಿತ್ತು.

ಅವರ ಕಥೆ ಚಿಕ್ಕದು. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಲಿಲ್ಲ. 2018ರಲ್ಲಿ ಆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಪ್ರಯೋಗಶಾಲೆಯಲ್ಲಿ ಐದು ಭ್ರೂಣಗಳು ಬೆಳೆದವು. ಎರಡನ್ನು ಗರ್ಭಾಶಯಕ್ಕೆ ಸೇರಿಸಿದರು; ಒಂದು ನಿಂತಿತು. ಆ ಒಂದು ಈಗ ಶಾಲೆಗೆ ಹೋಗುತ್ತಿದೆ. ಅಂದು ನಮ್ಮ ಮನೆಯ ಜಗುಲಿಯ ಮೇಲೆ ಬೆಕ್ಕಿನ ಜೊತೆ ಆಡುತ್ತಿತ್ತು. ಉಳಿದ ಮೂರು ಶೈತ್ಯಾಗಾರದಲ್ಲಿವೆ. ಬಾಡಿಗೆ ಕಟ್ಟಿ ಮುಂದುವರಿಸುವಿರೋ, ಸಂಶೋಧನೆಗೆ ಕೊಡುವಿರೋ, ನಶಿಸಲು ಬಿಡುವಿರೋ, ಒಂದಕ್ಕೆ ಗುರುತು ಹಾಕಿ ಇಬ್ಬರೂ ಸಹಿ ಮಾಡಿ ಎಂದು ಪತ್ರ ಕೇಳುತ್ತಿತ್ತು.

ನಾನು ವೈದ್ಯನಲ್ಲ, ನ್ಯಾಯವಾದಿಯೂ ಅಲ್ಲ. ಆದರೂ ಶಿಷ್ಯೆ ಕೇಳಿದ ಮೇಲೆ ಓದದೆ ಇರುವುದು ಹೇಗೆ? ಹಾಗೆ ಓದಿ ತಿಳಿದುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ, ಭ್ರೂಣಗಳು ಮಿಗುವುದಾದರೂ ಏಕೆ? ಪ್ರಕೃತಿಯಲ್ಲಿ ಹೆಣ್ಣಿನ ಅಂಡಾಶಯದಿಂದ ತಿಂಗಳಿಗೆ ಸಾಧಾರಣವಾಗಿ ಒಂದೇ ಅಂಡ ಹೊರಬರುತ್ತದೆ. ಆ ಒಂದನ್ನೇ ನಂಬಿ ಇಷ್ಟು ಶ್ರಮದ, ಇಷ್ಟು ಖರ್ಚಿನ ಚಿಕಿತ್ಸೆಗೆ ಇಳಿಯುವುದು ಕಷ್ಟ. ಆದ್ದರಿಂದ ಹತ್ತು ಹನ್ನೆರಡು ದಿನ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು, ಏಕಕಾಲಕ್ಕೆ ಹಲವು ಅಂಡಗಳು ಪಕ್ವವಾಗುವಂತೆ ಮಾಡಿ, ಸೂಜಿಯಿಂದ ಹೊರತೆಗೆಯುತ್ತಾರೆ. ಗಾಜಿನ ತಟ್ಟೆಯಲ್ಲಿ ಅವು ವೀರ್ಯಾಣುವಿನೊಡನೆ ಕೂಡುತ್ತವೆ. ಎಲ್ಲವೂ ಫಲಿಸುವುದಿಲ್ಲ, ಫಲಿಸಿದವೆಲ್ಲವೂ ಬೆಳೆಯುವುದಿಲ್ಲ. ಐದನೆಯ ದಿನಕ್ಕೆ ಗಟ್ಟಿಯಾಗಿ ಉಳಿದದ್ದು ನೂರರ ಆಸುಪಾಸಿನ ಜೀವಕೋಶಗಳ ಒಂದು ಚುಕ್ಕೆ. ಮಿಲಿಮೀಟರಿನ ಐದನೆಯ ಒಂದು ಭಾಗವೂ ಇಲ್ಲದ್ದು. ಹಿಂದೆ ಮೂರು ನಾಲ್ಕನ್ನು ಒಮ್ಮೆಗೇ ಗರ್ಭಾಶಯಕ್ಕೆ ಸೇರಿಸುತ್ತಿದ್ದರು. ಅದರಿಂದ ಅವಳಿ ತ್ರಿವಳಿಗಳಾಗಿ ತಾಯಿಗೂ ಮಕ್ಕಳಿಗೂ ಅಪಾಯವೊದಗುತ್ತಿತ್ತು. ಈಗ ಒಂದೋ ಎರಡೋ ಸೇರಿಸಿ ಉಳಿದುದನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರವರೂಪದ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಎಂದರೆ, ವೈದ್ಯರು ಹೆಚ್ಚು ಎಚ್ಚರ ವಹಿಸಿದಷ್ಟೂ ಮಿಗುವುದು ಹೆಚ್ಚು. ಈ ಸಮಸ್ಯೆ ಬೇಜವಾಬ್ದಾರಿಯಿಂದ ಹುಟ್ಟಿದುದಲ್ಲವೆಂಬುದನ್ನು ಟೀಕಿಸುವವರು ಗಮನಿಸಬೇಕು.

ಆ ಶೈತ್ಯದಲ್ಲಿ ಕಾಲ ನಿಂತುಬಿಡುತ್ತದೆ. 1992ರಲ್ಲಿ ಹೀಗೆ ಹೆಪ್ಪುಗಟ್ಟಿಸಿದ್ದ ಭ್ರೂಣಗಳಿಂದ 2022ರಲ್ಲಿ ಅಮೆರಿಕದಲ್ಲಿ ಅವಳಿ ಮಕ್ಕಳು ಹುಟ್ಟಿದವು. ಮೂವತ್ತು ವರ್ಷ ಕಾದ ಆ ಕೂಸುಗಳ ವಯಸ್ಸನ್ನು ಎಲ್ಲಿಂದ ಎಣಿಸಬೇಕೋ ನಮ್ಮ ಜೋಯಿಸರು ಹೇಳಬೇಕು.

ಪ್ರನಾಳ ಶಿಶು ಎಂದೊಡನೆ ನಮಗೆ ನೆನಪಾಗುವುದು 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ ಹುಟ್ಟಿದ ಲೂಯಿಸ್ ಬ್ರೌನ್. ಅದಾದ ಎಪ್ಪತ್ತೇ ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಹೆಣ್ಣುಮಗುವೊಂದು ಹುಟ್ಟಿತು. ದುರ್ಗೆಯೆಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಯಿತು. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಯೆಂದರೆ, ಅವರು ಆ ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು ಆಮೇಲೆ ಗರ್ಭಾಶಯಕ್ಕೆ ಸೇರಿಸಿದ್ದರು. ಹೆಪ್ಪುಗಟ್ಟಿಸಿದ ಭ್ರೂಣದಿಂದಾದ ಮೊದಲ ಜನನವೆಂದು ಲೋಕ ಒಪ್ಪಿದ್ದು 1984ರಲ್ಲಿ ಮೆಲ್ಬರ್ನಿನಲ್ಲಿ ಆದದ್ದನ್ನು. ಕಲ್ಕತ್ತೆಯ ವೈದ್ಯರನ್ನು ಅವರ ನಾಡಿನ ಸರ್ಕಾರ ನೇಮಿಸಿದ ಸಮಿತಿಯೇ ನಂಬಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಮುಂಬಯಿಯ ಶಿಶುಜನನಕ್ಕೆ ಕಾರಣರಾಗಿ, ಭಾರತದ ಮೊದಲಿಗರೆಂಬ ಕೀರ್ತಿಗೆ ಪಾತ್ರರಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರರು ಆ ಹಳೆಯ ಟಿಪ್ಪಣಿಗಳನ್ನು ಪರಿಶೀಲಿಸಿ, 1997ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲಿಗರು ತಾವಲ್ಲ, ಸುಭಾಷರು ಎಂದು ಬರೆದರು. ತನ್ನ ತಲೆಯ ಮೇಲಿನ ಕಿರೀಟವನ್ನು ತೆಗೆದು ಸತ್ತವನ ತಲೆಗಿಟ್ಟ ಇಂಥ ಪ್ರಸಂಗ ವಿದ್ವತ್ತಿನ ಲೋಕದಲ್ಲಿ ಹೆಚ್ಚಿಲ್ಲ. ಇದು ವಿಷಯಾಂತರವಾಯಿತು, ಆದರೆ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಶೈತ್ಯದಲ್ಲಿಡುವುದು ಸಾಧ್ಯವಾದೊಡನೆ ತಕರಾರುಗಳೂ ಮೊದಲಾದವು. 1983ರಲ್ಲಿ ಅಮೆರಿಕದ ದಂಪತಿಗಳಿಬ್ಬರು ವಿಮಾನಾಪಘಾತದಲ್ಲಿ ತೀರಿಕೊಂಡರು. ಅವರ ಎರಡು ಭ್ರೂಣಗಳು ಮೆಲ್ಬರ್ನಿನ ಆಸ್ಪತ್ರೆಯಲ್ಲಿದ್ದವು. ಅವು ಅನಾಥರೋ, ವಾರಸುದಾರರೋ, ಬರಿಯ ಸ್ವತ್ತೋ? ಮೂರಕ್ಕೂ ಕಾನೂನಿನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಟೆನೆಸಿಯಲ್ಲಿ ವಿಚ್ಛೇದನ ಪಡೆದ ದಂಪತಿಗಳ ಏಳು ಭ್ರೂಣಗಳ ವ್ಯಾಜ್ಯದಲ್ಲಿ, ಅವು ಮಕ್ಕಳೇ ಎಂದು ಕೆಳಗಿನ ನ್ಯಾಯಾಲಯ ಹೇಳಿತು. 1992ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ, ಅವು ವ್ಯಕ್ತಿಗಳೂ ಅಲ್ಲ, ಸ್ವತ್ತೂ ಅಲ್ಲ, ಮನುಷ್ಯರಾಗುವ ಸಾಧ್ಯತೆಯಿಂದಾಗಿ ವಿಶೇಷ ಗೌರವಕ್ಕೆ ಅರ್ಹವಾದ ನಡುವಣ ವರ್ಗ ಎಂದಿತು. ಮೂವತ್ತೆರಡು ವರ್ಷದ ಮೇಲೆ, 2024ರ ಫೆಬ್ರವರಿಯಲ್ಲಿ, ಅಲಬಾಮಾದ ನ್ಯಾಯಾಲಯ ಮತ್ತೆ ಅವನ್ನು ಮಕ್ಕಳೆಂದಿತು. ಹಲವು ಆಸ್ಪತ್ರೆಗಳು ಭಯದಿಂದ ಚಿಕಿತ್ಸೆಯನ್ನೇ ನಿಲ್ಲಿಸಿದವು. ಮೂರು ವಾರದೊಳಗೆ ಶಾಸನಸಭೆ ಅವಕ್ಕೆ ರಕ್ಷಣೆಯ ಕಾಯಿದೆ ಮಾಡಬೇಕಾಯಿತು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಇಂಗ್ಲೆಂಡಿನ ಎರಡು ಪ್ರಸಂಗಗಳು. ಒಂದರಲ್ಲಿ, ಇವಾನ್ಸ್ ಎಂಬಾಕೆಯ ಅಂಡಾಶಯಗಳನ್ನು ರೋಗದ ಕಾರಣ ತೆಗೆಯಬೇಕಾಗಿತ್ತು. ಅದಕ್ಕೆ ಮೊದಲು ಆಕೆ, ಆಕೆಯ ಸಂಗಾತಿ ಕೂಡಿ ಆರು ಭ್ರೂಣಗಳನ್ನು ತೆಗೆದಿರಿಸಿದರು. ಆಮೇಲೆ ಸಂಬಂಧ ಮುರಿಯಿತು. ಆತ ಒಪ್ಪಿಗೆಯನ್ನು ಹಿಂತೆಗೆದುಕೊಂಡ. ಆಕೆಗೆ ಸ್ವಂತ ಮಗುವಾಗುವ ಬೇರೆ ದಾರಿಯೇ ಇರಲಿಲ್ಲ. 2007ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯದ ಮಹಾಪೀಠದ ತೀರ್ಪೂ ಆಕೆಗೆ ವಿರುದ್ಧವಾಯಿತು. ಒಲ್ಲದವನನ್ನು ತಂದೆಯಾಗು ಎಂದು ಬಲವಂತ ಮಾಡಬಹುದೆ? ಕೂಡದು ಎಂದು ಬುದ್ಧಿ ಹೇಳುತ್ತದೆ. ಆಕೆಯ ಆರು ಭ್ರೂಣಗಳನ್ನು ನೆನೆದರೆ ಆ ಬುದ್ಧಿಗೇ ನಾಲಗೆ ತಡವರಿಸುತ್ತದೆ.

ಇನ್ನೊಂದು, 1996ರ ಆಗಸ್ಟಿನದು. ಅಲ್ಲಿನ 1990ರ ಕಾಯಿದೆಯಂತೆ ಭ್ರೂಣಗಳನ್ನು ಐದು ವರ್ಷ ಮಾತ್ರ ಇಡಬಹುದಿತ್ತು, ಹೆತ್ತವರು ಕೇಳಿಕೊಂಡರೆ ಅವಧಿ ಬೆಳೆಸಬಹುದಿತ್ತು. ಆಸ್ಪತ್ರೆಗಳು ಪತ್ರದ ಮೇಲೆ ಪತ್ರ ಬರೆದವು. ಸುಮಾರು 3,300 ಭ್ರೂಣಗಳ ಮಟ್ಟಿಗೆ ಉತ್ತರವೇ ಬರಲಿಲ್ಲ, ಇಲ್ಲವೆ ವಿಳಾಸದಾರರೇ ಸಿಗಲಿಲ್ಲ. ಅವನ್ನು ಕರಗಿಸಿ ನಾಶಮಾಡಿದರು. ವ್ಯಾಟಿಕನ್ನಿನ ಪತ್ರಿಕೆ ಅದನ್ನು ಹುಟ್ಟುವ ಮೊದಲಿನ ಹತ್ಯಾಕಾಂಡವೆಂದು ಕರೆಯಿತು. ಈಗ ಅಲ್ಲಿ, ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ನೀಡುತ್ತಾ ಬಂದರೆ, 55 ವರ್ಷದವರೆಗೂ ಇಡಬಹುದು. ಆದರೆ ಆ ಉತ್ತರಿಸದ ದಂಪತಿಗಳನ್ನು ನಿರ್ಲಕ್ಷ್ಯದವರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎಷ್ಟೋ ಜನ ಪತ್ರವನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ನಾಳೆ ನೋಡೋಣವೆಂದಿರಬೇಕು. ನನ್ನ ವಿದ್ಯಾರ್ಥಿನಿಯೂ ಆ ಪತ್ರವನ್ನು ಎರಡು ತಿಂಗಳು ಅಕ್ಕಿಡಬ್ಬದ ಹಿಂದೆ ಇಟ್ಟಿದ್ದಳಂತೆ.

ಭ್ರೂಣಗಳು ಮಿಗದಂತೆಯೇ ಮಾಡಬಾರದೆ ಎಂದು ಕೇಳಬಹುದು. ಇಟಲಿ ಹಾಗೆ ಮಾಡಿ ನೋಡಿತು. 2004ರ ಕಾಯಿದೆಯಲ್ಲಿ ಮೂರಕ್ಕಿಂತ ಹೆಚ್ಚು ಭ್ರೂಣಗಳನ್ನು ಮಾಡಕೂಡದು, ಮಾಡಿದ್ದನ್ನೆಲ್ಲ ಒಮ್ಮೆಗೇ ಗರ್ಭಾಶಯಕ್ಕೆ ಸೇರಿಸಬೇಕು ಎಂದು ವಿಧಿಸಿತು. ಹೆಣ್ಣಿನ ಆರೋಗ್ಯಕ್ಕೆ ಅದು ಮಾರಕವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2009ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ಭ್ರೂಣದ ಮೇಲಿನ ಕರುಣೆಯ ಬೆಲೆಯನ್ನು ತಾಯಿಯ ಶರೀರ ತೆರಬೇಕಾಗಿತ್ತು.

ನಮ್ಮಲ್ಲಿ 2021ರ ಕಾಯಿದೆ ಹತ್ತು ವರ್ಷದ ಗಡುವು ಹಾಕಿದೆ. ಆಮೇಲೆ ನಶಿಸಲು ಬಿಡಬೇಕು, ಅಥವಾ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನಾಸಂಸ್ಥೆಗೆ ಕೊಡಬೇಕು. ಅಮೆರಿಕದಲ್ಲಿ ಮಿಕ್ಕ ಭ್ರೂಣವನ್ನು ಮಕ್ಕಳಿಲ್ಲದ ಇನ್ನೊಬ್ಬರಿಗೆ ದತ್ತಿನಂತೆ ಕೊಡುವುದುಂಟು. "ನನ್ನ ಅಕ್ಕನಿಗೆ ಕೊಡಬಹುದೆ ಮೇಷ್ಟ್ರೇ?" ಎಂದು ಆಕೆ ಕೇಳಿದ್ದಳು. ನಮ್ಮ ಕಾಯಿದೆಯಲ್ಲಿ ಮಾರಾಟವಿರಲಿ, ಮತ್ತೊಬ್ಬರಿಗೆ ವರ್ಗಾಯಿಸುವುದೂ ಅಪರಾಧವೇ. ತಮ್ಮದನ್ನು ತಮ್ಮ ಉಪಯೋಗಕ್ಕಾಗಿ ಮಾತ್ರ, ರಾಷ್ಟ್ರೀಯ ಮಂಡಲಿಯ ಅನುಮತಿ ಪಡೆದು, ಸಾಗಿಸಬಹುದು. ವ್ಯಾಪಾರವನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಅಕ್ಕನ ಮಡಿಲಿಗೂ ಅಂಗಡಿಯ ಕಟ್ಟೆಗೂ ಅದು ವ್ಯತ್ಯಾಸ ಮಾಡಿಲ್ಲವೆಂಬುದು ನನ್ನ ಆಕ್ಷೇಪ.

ಇನ್ನು ಮೂಲದ ಪ್ರಶ್ನೆ: ಅದು ಜೀವವೆ? ಕೂಡಿದ ಕ್ಷಣದಿಂದಲೇ ಅದು ಮನುಷ್ಯನೆಂದು ಕ್ಯಾಥೊಲಿಕರು ಕಾಣಬೇಕೆನ್ನುತ್ತದೆ ಅವರ ಮಠ. ಇಂಗ್ಲೆಂಡಿನ ವಾರ್ನಾಕ್ ಸಮಿತಿ 1984ರಲ್ಲಿ ಹದಿನಾಲ್ಕು ದಿನದ ಗೆರೆ ಎಳೆಯಿತು. ಸುಮಾರು ಆ ಹೊತ್ತಿಗೆ ಬೆನ್ನಿನ ಸಾಲಿನ ಮೊದಲ ಗುರುತು ಮೂಡುತ್ತದೆ; ಅಲ್ಲಿಯವರೆಗೆ ಒಂದು ಭ್ರೂಣ ಒಡೆದು ಎರಡಾಗಲೂಬಹುದು. ಒಬ್ಬನೋ ಇಬ್ಬರೋ ಎಂಬುದೇ ತೀರ್ಮಾನವಾಗದುದನ್ನು ವ್ಯಕ್ತಿಯೆನ್ನುವುದು ಹೇಗೆ ಎಂಬ ತರ್ಕ.

ನಮ್ಮ ಪರಂಪರೆ ಏನು ಹೇಳುತ್ತದೆಂದು ಕೇಳುವವರಿಗೆ, ಅದು ಒಂದೇ ಮಾತು ಹೇಳುವುದಿಲ್ಲವೆಂದು ಮೊದಲೇ ತಿಳಿಸಬೇಕು. ಭ್ರೂಣಹತ್ಯೆಯನ್ನು ಧರ್ಮಶಾಸ್ತ್ರಗಳು ಘೋರ ಪಾಪವೆಂದಿವೆ. ಚರಕನು ಮೊದಲಿನಿಂದಲೇ ಜೀವ ಕೂಡಿರುತ್ತದೆಂದರೂ, ಗರ್ಭವೆಂಬ ಹೆಸರನ್ನು ಕೊಡುವುದು ಶುಕ್ರ ಶೋಣಿತ ಜೀವಗಳು ಕುಕ್ಷಿಯಲ್ಲಿ ಸಂಯೋಗ ಹೊಂದಿದಾಗ. ಕುಕ್ಷಿಯ ಹೊರಗೆ ಗಾಜಿನ ತಟ್ಟೆಯಲ್ಲಿರುವುದಕ್ಕೆ ಅವನಲ್ಲಿ ಹೆಸರಿಲ್ಲ. ಗರ್ಭೋಪನಿಷತ್ತು ಜೀವ ಸೇರುವುದು ಏಳನೆಯ ತಿಂಗಳಿನಲ್ಲಿ ಎನ್ನುತ್ತದೆ. ಯಾವುದನ್ನು ಹಿಡಿದರೂ ಇನ್ನೊಂದನ್ನು ಬಿಡಬೇಕು.

ಗಾಂಧಾರಿಯ ಕಥೆಯನ್ನು ಪ್ರಾಚೀನ ಪ್ರನಾಳ ಶಿಶುವಿಗೆ ಸಾಕ್ಷಿಯೆಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ನನಗೆ ಆ ಭ್ರಮೆಯಿಲ್ಲ. ಆದರೆ ಕವಿಯ ಒಂದು ಸೂಕ್ಷ್ಮವನ್ನು ಅವರು ಗಮನಿಸಿದಂತಿಲ್ಲ. ಆದಿಪರ್ವದಲ್ಲಿ ವ್ಯಾಸರು ಮಾಂಸಪಿಂಡವನ್ನು ತಣ್ಣೀರಿನಿಂದ ನೆನೆಸಿ, ತುಂಡುಗಳನ್ನು ತುಪ್ಪದ ಕೊಡಗಳಲ್ಲಿರಿಸಿ ಎಣಿಸುತ್ತಾರೆ. ನೂರು ಮಕ್ಕಳಿಗೆ ನೂರು ತುಂಡು ಸರಿಹೋಗಿ, ಇನ್ನೊಂದು ಉಳಿಯುತ್ತದೆ. ಮಿಕ್ಕಿದ್ದೆಂದು ಅದನ್ನು ಯಾರೂ ಚೆಲ್ಲುವುದಿಲ್ಲ. ಹೆಣ್ಣೊಂದು ಬೇಕೆಂದು ತಾಯಿ ಮನಸ್ಸಿನಲ್ಲೇ ಹಂಬಲಿಸಿರುತ್ತಾಳೆ. ಅದಕ್ಕೂ ಒಂದು ಕೊಡ ತರಿಸುತ್ತಾರೆ. ಅದೇ ದುಶ್ಶಲೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಆ ಚುಕ್ಕೆ ಮಗುವಲ್ಲ. ಪ್ರಕೃತಿಯಲ್ಲಿಯೂ ಎಷ್ಟೋ ಭ್ರೂಣಗಳು ತಾಯಿಗೆ ತಿಳಿಯದಂತೆಯೇ ಜಾರಿಹೋಗುತ್ತವೆ. ಆದರೆ ಅದು ಏನೂ ಅಲ್ಲವೆಂದೂ ಹೇಳಲಾರೆ. ನಮ್ಮ ಅಜ್ಜಿ ಬಿತ್ತನೆಯ ಬೀಜವನ್ನು ಬೇರೆ ಮಡಕೆಯಲ್ಲಿ ಬೂದಿ ಬೆರೆಸಿ ಅಟ್ಟದ ಮೇಲಿಡುತ್ತಿದ್ದಳು. ಅದು ಪೈರಲ್ಲವೆಂಬುದು ಅವಳಿಗೂ ಗೊತ್ತಿತ್ತು. ಆದರೂ ಬರಗಾಲದಲ್ಲಿ ಸಹ ಅದನ್ನು ಒಲೆಯ ಹತ್ತಿರ ತರುತ್ತಿರಲಿಲ್ಲ. ನಿಜವಾದ ಲೋಪವಾಗುವುದು ಕೊನೆಯಲ್ಲಿ ಅಲ್ಲ, ಮೊದಲಿನಲ್ಲಿ. ಮಕ್ಕಳಾಗಲೆಂದು ಹಂಬಲಿಸಿ ಬಂದವರ ಮುಂದೆ, ಮಿಕ್ಕರೆ ಏನು ಮಾಡುವಿರಿ ಎಂಬ ಪ್ರಶ್ನೆಯನ್ನು ಇಪ್ಪತ್ತು ಸಹಿಗಳ ನಡುವೆ ಹುದುಗಿಸಿಬಿಡುತ್ತಾರೆ. ನನ್ನ ವಿದ್ಯಾರ್ಥಿನಿಗೆ, ತಾನು 2018ರಲ್ಲಿ ಯಾವುದಕ್ಕೆ ಸಹಿ ಹಾಕಿದೆನೆಂಬುದೇ ನೆನಪಿಲ್ಲ. ಎಷ್ಟು ಅಂಡಗಳನ್ನು ಫಲಿಸಲು ಬಿಡಬೇಕೆಂಬುದನ್ನು ಅಂದೇ ನಿಧಾನವಾಗಿ ಕುಳಿತು ಮಾತನಾಡಬಹುದಿತ್ತು.

ಅವರು ಹೋದ ಮೇಲೆ ನನ್ನ ಹೆಂಡತಿ, "ಆ ಹುಡುಗಿ ಕೇಳೋಕೆ ಬಂದದ್ದು ಪದದ ಅರ್ಥವನ್ನಲ್ಲ ಕಣ್ರೀ" ಎಂದಳು. ನಮಗೆ ಮದುವೆಯಾದ ಹೊಸತರಲ್ಲಿ ಎರಡು ಸಲ, ಮೂರನೆಯ ತಿಂಗಳಿನಲ್ಲಿ, ಕಳೆದುಹೋಗಿತ್ತು. ಅಂಥದಕ್ಕೆ ಸ್ಮೃತಿಗಳು ತಾಯಿಗೆ ತಿಂಗಳಿಗೊಂದು ರಾತ್ರಿಯ ಲೆಕ್ಕದಲ್ಲಿ ಆಶೌಚ ಹೇಳುತ್ತವೆ. ಮೂರು ತಿಂಗಳಿಗೆ ಮೂರು ರಾತ್ರಿ. ಅಂದು ಅದನ್ನು ಮೌಢ್ಯವೆಂದು ನಕ್ಕಿದ್ದೆ. ಇಂದು ನೋಡಿದರೆ, ಅಷ್ಟರಮಟ್ಟಿಗಾದರೂ ಅದು ದುಃಖಕ್ಕೆ ಒಂದು ಅಳತೆ ಕೊಟ್ಟು ಜಾಗ ಬಿಟ್ಟಿತ್ತು. ಐದು ದಿನದ ಭ್ರೂಣಕ್ಕೆ ಶಾಸ್ತ್ರದಲ್ಲಿ ಅಳತೆಯಿಲ್ಲ, ಆಸ್ಪತ್ರೆಯ ನಮೂನೆಯಲ್ಲಿಯೂ ಇಲ್ಲ.

ವಾರದ ಮೇಲೆ ಆಕೆ ದೂರವಾಣಿಯಲ್ಲಿ ಮಾತನಾಡಿದಳು. ಈ ವರ್ಷದ ಬಾಡಿಗೆ ಕಟ್ಟಿದ್ದಾರೆ. ಕಾನೂನಿನ ಗಡುವು 2028ರವರೆಗೆ ಇದೆ. ಅಷ್ಟರಲ್ಲಿ ಮನಸ್ಸು ಗಟ್ಟಿಯಾದರೆ ನಶಿಸಲು ಬಿಡುವುದು, ಆ ದಿನ ತಾವಿಬ್ಬರೂ ಅಲ್ಲಿರಲು ಬಿಡುವರೇ ಎಂದು ಕೇಳುವುದು, ಎಂದು ಗಂಡಹೆಂಡಿರು ಮಾತನಾಡಿಕೊಂಡಿದ್ದಾರೆ. ನಾನು ಆಸ್ಪತ್ರೆಗೆ ಒಂದು ಕಾಗದ ಬರೆದು, ಆ ಶಿರೋನಾಮೆಯನ್ನು 'ಉಳಿದ ಭ್ರೂಣಗಳ ಬಗ್ಗೆ ದಂಪತಿಗಳ ತೀರ್ಮಾನ' ಎಂದು ತಿದ್ದಬಹುದೆಂದು ಸೂಚಿಸಿದೆ. ಉತ್ತರ ಇನ್ನೂ ಬಂದಿಲ್ಲ.