ಕೀನ್ಯಾದ ಮೊಬೈಲ್ ಹಣವೂ ಸರ್ಕಾರಿ ಸೇವೆಯೂ

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ನಗರಕ್ಕೆ ದುಡಿಯಲು ಹೋದ ಮಗನು ಹಳ್ಳಿಯ ತಾಯಿಗೆ ಹಣ ಕಳುಹಿಸಬೇಕಾದರೆ ಒಂದು ಕಾಲಕ್ಕೆ ಬಸ್ಸಿನವರ ಪ್ರಾಮಾಣಿಕತೆಯನ್ನೇ ನೆಚ್ಚಬೇಕಾಗಿತ್ತು. ಇಂಥ ನಾಡಿನಲ್ಲಿ 2007ರ ಮಾರ್ಚ್ ತಿಂಗಳಿನಲ್ಲಿ ಸಫಾರಿಕಾಮ್ ಎಂಬ ದೂರವಾಣಿ ಸಂಸ್ಥೆಯು ಎಂ-ಪೆಸಾ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಸ್ವಾಹಿಲಿ ಭಾಷೆಯಲ್ಲಿ ಪೆಸಾ ಎಂದರೆ ಹಣ. ನಮ್ಮ ಪೈಸೆಯ ಬಂಧುವೆಂದೇ ಕಿವಿಗೆ ತೋರುವ ಶಬ್ದ.

ಇದರ ಕಾರ್ಯವಿಧಾನವು ಸರಳವಾದುದು. ಊರಿನ ಸಣ್ಣ ಅಂಗಡಿಯವನೇ ಸಂಸ್ಥೆಯ ಪ್ರತಿನಿಧಿ. ಅವನ ಕೈಗೆ ನೋಟು ಕೊಟ್ಟರೆ ಅಷ್ಟೇ ಮೊತ್ತವು ಗ್ರಾಹಕನ ಮೊಬೈಲ್ ಖಾತೆಗೆ ಜಮೆಯಾಗುತ್ತದೆ. ಅದನ್ನು ಸಂದೇಶದ ಮೂಲಕ ಮತ್ತೊಬ್ಬರಿಗೆ ಕಳುಹಿಸಿದರೆ, ಅವರು ತಮ್ಮ ಊರಿನ ಅಂಗಡಿಯಲ್ಲಿ ಗುಪ್ತಸಂಖ್ಯೆಯನ್ನೊತ್ತಿ ನಗದು ಪಡೆಯುತ್ತಾರೆ. ಜನರು ಕಟ್ಟಿದ ಹಣವು ಬ್ಯಾಂಕುಗಳಲ್ಲಿ ನ್ಯಾಸರೂಪದಲ್ಲಿ ಇರುತ್ತದೆ. ಬೆಲೆಬಾಳುವ ಉಪಕರಣ ಬೇಕಿಲ್ಲ. ಸಾಮಾನ್ಯ ಗುಂಡಿಯ ಫೋನೇ ಸಾಕು. ಈ ಸೌಲಭ್ಯದಿಂದಾಗಿ 1,94,000 ಕುಟುಂಬಗಳು, ಅಂದರೆ ದೇಶದ ಕುಟುಂಬಗಳಲ್ಲಿ ಶೇಕಡಾ 2ರಷ್ಟು, ಬಡತನದಿಂದ ಮೇಲೆದ್ದವೆಂದು ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಅಂದಾಜು ಮಾಡಿದೆ. ಈ ಕೀರ್ತಿಯಲ್ಲಿ ಯಂತ್ರಕ್ಕೆ ಎಷ್ಟು ಪಾಲೋ, ಪರಿಚಿತ ಮುಖದ ಆ ಅಂಗಡಿಯವನಿಗೂ ಅಷ್ಟೇ ಪಾಲು ಸಲ್ಲಬೇಕು.

ಜನರಿಗೆ ರೂಢಿಯಾದ ಈ ದಾರಿಯನ್ನು ಸರ್ಕಾರವೂ ಹಿಡಿದುದು ಸಹಜವೇ. 2014ರಲ್ಲಿ ಇ-ಸಿಟಿಜನ್ ಎಂಬ ಸೇವಾತಾಣವು ಆರಂಭವಾಗಿ, ಪಾಸ್‌ಪೋರ್ಟು, ಚಾಲನಾ ಪರವಾನಗಿ ಮೊದಲಾದವುಗಳ ಶುಲ್ಕವನ್ನು ಫೋನಿನಿಂದಲೇ ಸಲ್ಲಿಸುವಂತಾಯಿತು. ನಗದು ಕೈಯಿಂದ ಕೈಗೆ ದಾಟುವಾಗ ಸೋರಿಹೋಗುತ್ತಿದ್ದ ಹಣಕ್ಕೆ ಇದು ತಕ್ಕ ತಡೆ. 2023ರ ಜೂನ್ ಅಂತ್ಯದ ವೇಳೆಗೆ ಸುಮಾರು 5,000 ಸೇವೆಗಳು ಈ ಒಂದೇ ಬಾಗಿಲಿಗೆ ಬಂದು ನಿಂತವು.

ಒಂದು ತಿಂಗಳೂ ತುಂಬಿರಲಿಲ್ಲ. ಜುಲೈ ಕೊನೆಯ ವಾರದಲ್ಲಿ ದುಷ್ಕರ್ಮಿಗಳು ಲೆಕ್ಕವಿಲ್ಲದಷ್ಟು ಹುಸಿ ಕೋರಿಕೆಗಳನ್ನು ಒಮ್ಮೆಲೇ ಹರಿಯಬಿಟ್ಟು ತಾಣವನ್ನು ಉಸಿರುಗಟ್ಟಿಸಿದರು. ಅರ್ಜಿಗಳು ನಿಂತವು, ಮೊಬೈಲ್ ಪಾವತಿಗೂ ತೊಡಕಾಯಿತು. ವಿದೇಶೀಯರಿಗೆ ದೇಶಕ್ಕೆ ಬಂದಿಳಿದ ಮೇಲೆ ವೀಸಾ ಕೊಡಲು ಸರ್ಕಾರವು ಒಪ್ಪಬೇಕಾಯಿತು. ವಿದೇಶೀಯರಿಗೆ ಹೀಗೆ ಎರಡನೆಯ ಬಾಗಿಲು ತೆರೆಯಿತು. ಸ್ವದೇಶದ ಬಡವನಿಗೂ ಅಂಥ ಬಾಗಿಲೊಂದನ್ನು ಮೊದಲೇ ಇರಿಸಬೇಕಾಗಿತ್ತಲ್ಲವೆ?

ಇದು ನಮ್ಮ ಶಿಕ್ಷಕರಿಗೆ ದೂರದ ಮಾತಲ್ಲ. ವಿದ್ಯಾರ್ಥಿವೇತನವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುವ ಈ ದಿನಗಳಲ್ಲಿ, ಶಾಲಾ ದಾಖಲೆಯ ಹೆಸರಿಗೂ ಆಧಾರಿನ ಹೆಸರಿಗೂ ವ್ಯತ್ಯಾಸ ಬಿದ್ದರೆ, ಮಗುವಿನ ಪರವಾಗಿ ಕಚೇರಿಗೆ ಅಲೆಯುವವರು ಬಹುಮಟ್ಟಿಗೆ ಅವರೇ.

ಕೀನ್ಯಾದಲ್ಲಿಯೂ ವಿಷಯವು ಶಾಲೆಯ ಬಾಗಿಲಿಗೇ ಬಂದಿತು. ಸರ್ಕಾರಿ ಶಾಲೆಗಳ ಶುಲ್ಕವನ್ನು ಇ-ಸಿಟಿಜನ್ ಮೂಲಕವೇ ಸಲ್ಲಿಸಬೇಕೆಂದು 2024ರ ಆರಂಭದಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯು ಆದೇಶಿಸಿತು. ಒಂದೊಂದು ಪಾವತಿಗೂ 50 ಷಿಲ್ಲಿಂಗ್ ಸೇವಾಶುಲ್ಕ ಬೇರೆ. ಯಾವ ಪೋಷಕನಿಗೆ ಸುಗ್ಗಿಯವರೆಗೆ ಗಡುವು ಕೊಡಬೇಕೆಂಬುದನ್ನು ಮುಖ್ಯೋಪಾಧ್ಯಾಯನು ಬಲ್ಲನು, ತಾಣವು ಅರಿಯದು. ಆದೇಶವನ್ನು ಪ್ರಶ್ನಿಸಿ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಸಾರ್ವಜನಿಕರ ಅಭಿಪ್ರಾಯವನ್ನು ಕೇಳದೆ, ಕಾನೂನಿನ ಆಧಾರವಿಲ್ಲದೆ ಹೇರಿದ ಕ್ರಮವಿದೆಂದು ಉಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ಆ ಆದೇಶವನ್ನೂ, ಆ 50 ಷಿಲ್ಲಿಂಗನ್ನೂ ಅಸಿಂಧುಗೊಳಿಸಿತು.